ಮೂರರಲ್ಲೊಂದು ಪಾಲು: ಮುಂಬೈ ಗಿರಣಿ ಭೂಮಿ ಕೈಬಿಟ್ಟುಹೋದ ಬಗೆ

ಮುಂಬೈಯ ಲೋವರ್ ಪರೇಲ್‌ನಲ್ಲಿ ಸುಮಾರು 17 ಎಕರೆಯ ಒಂದು ಜಾಗವಿದೆ. ಮುಂಬೈ ಟೆಕ್ಸ್‌ಟೈಲ್ ಮಿಲ್ ಇದ್ದ ಜಾಗ ಅದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಜವಳಿ ನಿಗಮ, ಅಂದರೆ ಎನ್‌ಟಿಸಿ, 2005ರಲ್ಲಿ ಅದನ್ನು ಡಿಎಲ್‌ಎಫ್ ಗುಂಪಿಗೆ 702 ಕೋಟಿ ರೂಪಾಯಿಗೆ ಮಾರಿತು. ಏಳು ವರ್ಷಗಳ ನಂತರ, 2012ರಲ್ಲಿ, ಡಿಎಲ್‌ಎಫ್ ಅದನ್ನೇ ಲೋಧಾ ಗುಂಪಿಗೆ 2,727 ಕೋಟಿ ರೂಪಾಯಿಗೆ ಮಾರುವ ಒಪ್ಪಂದ ಮಾಡಿಕೊಂಡಿತು.

ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾರಿಗಾದರೂ ಮೊದಲು ಹೊಳೆಯುವ ಪ್ರಶ್ನೆ ಒಂದೇ: ಸರ್ಕಾರ ಅಗ್ಗಕ್ಕೆ ಮಾರಿತೇ? ಗಿರಣಿ ಭೂಮಿಯ ಬಗ್ಗೆ ನಡೆದ ವಾದಗಳು ಬಹಳ ಸಲ ಈ ಪ್ರಶ್ನೆಯ ಸುತ್ತಲೇ ಸುತ್ತಿದವು. ಆದರೆ 702 ಕೋಟಿಯ ಬದಲು 2,727 ಕೋಟಿ ಬಂದಿದ್ದರೂ ಈ ನಗರ ಕಳೆದುಕೊಂಡದ್ದು ಮರಳಿ ಸಿಗುತ್ತಿರಲಿಲ್ಲ. ನಷ್ಟ ಆದದ್ದು ಹರಾಜಿನ ದಿನವಲ್ಲ. ಅದಕ್ಕೆ ನಾಲ್ಕು ವರ್ಷ ಮೊದಲು, ಒಂದು ನಿಯಮದ ಪದಗಳು ಬದಲಾದಾಗ.

ಕಥೆ ಹಳೆಯದು. ಕಾವಸ್‌ಜಿ ನಾನಾಭಾಯಿ ದಾವರ್ 1854ರಲ್ಲಿ ಸ್ಥಾಪಿಸಿದ ಕಂಪನಿಯ ಗಿರಣಿ ತಾಡದೇವ್‌ನಲ್ಲಿ 1856ರಲ್ಲಿ ನೂಲು ತೆಗೆಯಲು ಆರಂಭಿಸಿತು. ಅಲ್ಲಿಂದ ಮುಂದೆ ಭಾಯಖಳಾ, ಲಾಲ್‌ಬಾಗ್, ಪರೇಲ್, ವರಳಿಗಳಲ್ಲಿ ಚಿಮಣಿಗಳು ಸಾಲುಗಟ್ಟಿದವು. ರತ್ನಾಗಿರಿಯಿಂದ, ಸಾತಾರಾ ಕೊಲ್ಹಾಪುರದ ಘಟ್ಟದ ಊರುಗಳಿಂದ ಜನ ಬಂದು ಚಾಳ್‌ಗಳಲ್ಲಿ ತುಂಬಿಕೊಂಡರು. ಒಂದೇ ಖೋಲಿಯಲ್ಲಿ ಪಾಳಿಯ ಮೇಲೆ ಮಲಗುವವರು, ಖಾನಾವಳಿಯಲ್ಲಿ ಉಣ್ಣುವವರು, ಭೋಂಗಾದ ಕೂಗಿಗೆ ಏಳುವವರು ಸೇರಿ ಗಿರಣಗಾಂವ್ ಎಂಬ ಊರೊಳಗಿನ ಊರನ್ನು ಕಟ್ಟಿದರು. ಐವತ್ತೆಂಟು ಗಿರಣಿಗಳು, ಸುಮಾರು 600 ಎಕರೆ ಎಂಬುದು ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಲೆಕ್ಕ. ಇಕ್ಕಟ್ಟಿಗೆ ಹೆಸರಾದ ದ್ವೀಪ ನಗರದ ನಟ್ಟನಡುವೆ ಇಷ್ಟು ಜಾಗ!

ಇದರಲ್ಲಿ ದೊಡ್ಡ ಭಾಗ ಸಾರ್ವಜನಿಕ ಆಸ್ತಿಯಾದದ್ದು ಹೇಗೆ? ಮಾಲೀಕರು ಲಾಭ ತೆಗೆದುಕೊಂಡು, ಯಂತ್ರಗಳನ್ನು ಹಳತಾಗಲು ಬಿಟ್ಟು, ರೋಗಗ್ರಸ್ತ ಎನಿಸಿಕೊಂಡ ಗಿರಣಿಗಳನ್ನು ಕೆಲಸಗಾರರ ಹೊಟ್ಟೆಪಾಡಿನ ಹೆಸರಿನಲ್ಲಿ ಸರ್ಕಾರ ವಹಿಸಿಕೊಂಡಿತು. 1968ರಲ್ಲಿ ಎನ್‌ಟಿಸಿ ಹುಟ್ಟಿತು. 1974ರ ಕಾಯ್ದೆ ದೇಶದ 103 ಗಿರಣಿಗಳನ್ನು ರಾಷ್ಟ್ರೀಕರಿಸಿತು. ಬೆಂಗಳೂರಿನ ಮಿನರ್ವ ಮಿಲ್ಸ್ ಅವುಗಳಲ್ಲೊಂದು. ಅದರ ಮಾಲೀಕರು ಹೂಡಿದ ದಾವೆಯಲ್ಲೇ ಸುಪ್ರೀಂ ಕೋರ್ಟ್ 1980ರಲ್ಲಿ ಸಂವಿಧಾನದ ಮೂಲಸ್ವರೂಪದ ಬಗೆಗಿನ ಆ ಪ್ರಸಿದ್ಧ ತೀರ್ಪು ಕೊಟ್ಟಿತು. ಕಾನೂನು ಓದುವವರೆಲ್ಲ ಆ ತೀರ್ಪನ್ನು ಬಲ್ಲರು. ಅದರ ಹಿಂದೆ ಮಾಗಡಿ ರಸ್ತೆಯ ಒಂದು ಬಟ್ಟೆ ಗಿರಣಿ ಇತ್ತೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ.

ಮುಂಬೈಯಲ್ಲಿ 1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಎರಡೂವರೆ ಲಕ್ಷದಷ್ಟು ಕಾರ್ಮಿಕರು ಮುಷ್ಕರ ಹೂಡಿದರು. ಅದನ್ನು ಹಿಂತೆಗೆದುಕೊಂಡೆವೆಂದು ಯಾರೂ ಅಧಿಕೃತವಾಗಿ ಘೋಷಿಸಲೇ ಇಲ್ಲ. ಮುಷ್ಕರದ ಬೆನ್ನಿಗೇ, 1983ರಲ್ಲಿ, ನಗರದ ಇನ್ನೂ 13 ಗಿರಣಿಗಳ ಆಡಳಿತವನ್ನು ಕೇಂದ್ರ ವಹಿಸಿಕೊಂಡಿತು. ಹೀಗೆ ಎನ್‌ಟಿಸಿ ಕೈಗೆ ಬಂದ ಮುಂಬೈಯ ಗಿರಣಿಗಳು ಇಪ್ಪತ್ತೈದರಷ್ಟು. ಉಳಿಸಲೆಂದು ತೆಗೆದುಕೊಂಡ ಗಿರಣಿಗಳು ಉಳಿಯಲಿಲ್ಲ. ಆದರೆ ಅವುಗಳ ಕೆಳಗಿನ ನೆಲ ವರ್ಷದಿಂದ ವರ್ಷಕ್ಕೆ ಬಂಗಾರವಾಗುತ್ತ ಹೋಯಿತು.

ಈ ನೆಲಕ್ಕಾಗಿಯೇ 1991ರಲ್ಲಿ ನಗರದ ಅಭಿವೃದ್ಧಿ ನಿಯಂತ್ರಣ ನಿಯಮಗಳಲ್ಲಿ 58ನೆಯ ನಿಯಮ ಬಂತು. ಗಿರಣಿಯ ಜಾಗವನ್ನು ಹೊಸದಾಗಿ ಅಭಿವೃದ್ಧಿಪಡಿಸಬೇಕೆಂದರೆ ಸ್ಥೂಲವಾಗಿ ಮೂರು ಪಾಲು ಮಾಡಬೇಕು. ಒಂದು ಪಾಲು ಪಾಲಿಕೆಗೆ: ಮೈದಾನ, ಉದ್ಯಾನದಂಥ ಸಾರ್ವಜನಿಕ ಬಳಕೆಗೆ. ಒಂದು ಪಾಲು ವಸತಿ ಮಂಡಳಿ ಮ್ಹಾಡಾಕ್ಕೆ: ಸಾಮಾನ್ಯರ ಮನೆಗಳಿಗೆ. ಉಳಿದ ಪಾಲು ಮಾಲೀಕನಿಗೆ. ಜಾಗದ ವಿಸ್ತೀರ್ಣಕ್ಕೆ ತಕ್ಕಂತೆ ಶೇಕಡಾವಾರು ಸ್ವಲ್ಪ ಹೆಚ್ಚುಕಡಿಮೆ ಆಗುತ್ತಿತ್ತು, ಅಷ್ಟೆ. ಮಾಲೀಕನಿಗೆ ಅನ್ಯಾಯವಾಗದಂತೆ, ಬಿಟ್ಟುಕೊಟ್ಟ ಜಾಗದ ಬದಲಿಗೆ ಕಟ್ಟಡ ಹಕ್ಕುಗಳನ್ನು ಕೊಡುವ ಏರ್ಪಾಡೂ ಇತ್ತು. ಈ ನೆಲದ ಬೆಲೆ ಏರಿದ್ದು ಮಾಲೀಕನೊಬ್ಬನ ಜಾಣತನದಿಂದಲ್ಲ. ರೈಲು, ರಸ್ತೆ, ನೀರು ಕೊಟ್ಟ ನಗರದಿಂದ, ದುಡಿದ ತಲೆಮಾರುಗಳಿಂದ. ಆದ್ದರಿಂದ ಅವರಿಗೂ ಪಾಲಿರಬೇಕು ಎಂಬ ತಿಳಿವಳಿಕೆ ಆ ನಿಯಮದ ಹಿಂದಿತ್ತು.

ನಿಯಮದಲ್ಲಿ ಒಂದು ತೂತೂ ಇತ್ತು. ಹಳೆಯ ಕಟ್ಟಡವನ್ನು ಕೆಡವದೆ, ಇದ್ದಂತೆಯೇ ಇಟ್ಟು ಬೇರೆ ಉಪಯೋಗಕ್ಕೆ ಬಳಸಿಕೊಂಡರೆ ಪಾಲು ಕೊಡುವ ಬಾಧ್ಯತೆ ಇರಲಿಲ್ಲ. ನೂಲಿನ ಶೆಡ್ಡುಗಳು ಆಫೀಸುಗಳಾದವು, ಅಂಗಡಿಗಳಾದವು. ಪಾಲು ಕೊಡಲು ಮುಂದೆ ಬಂದವರು ಕಡಿಮೆ. 1996ರಲ್ಲಿ ರಾಜ್ಯ ಸರ್ಕಾರ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ನೇತೃತ್ವದಲ್ಲಿ ಒಂದು ತಂಡವನ್ನು ನೇಮಿಸಿತು. ಬಿಡಿಬಿಡಿ ಗಿರಣಿಗಳಲ್ಲಿ ತುಂಡುತುಂಡು ಜಾಗ ಪಡೆಯುವುದಕ್ಕಿಂತ ಎಲ್ಲವನ್ನೂ ಒಟ್ಟಾಗಿ ನೋಡಿ, ಮೈದಾನ ಎಲ್ಲಿ, ರಸ್ತೆ ಎಲ್ಲಿ, ಮನೆಗಳೆಲ್ಲಿ, ನಿಲ್ದಾಣದ ಮುಂದೆ ಜನ ನಿಲ್ಲಲು ಚೌಕ ಎಲ್ಲಿ ಎಂದು ಯೋಚಿಸಬೇಕೆಂಬುದು ಅದರ ಆಶಯ. ವರದಿ ಬಂತು, ಅದರಂತೆ ನಗರ ಕಟ್ಟಲಿಲ್ಲ.

ಆಮೇಲೆ 2001ರ ತಿದ್ದುಪಡಿ. ನೋಡಲು ಸಣ್ಣ ಬದಲಾವಣೆ. ಮೂರು ಪಾಲು ಮಾಡಬೇಕಾದದ್ದು ಇಡೀ ಜಾಗವನ್ನಲ್ಲ, ಅದರಲ್ಲಿ ಆಗಲೇ ಖಾಲಿಯಿದ್ದ ನೆಲವನ್ನು ಮಾತ್ರ ಎಂದು ಅದರ ಅರ್ಥ. ಕಟ್ಟಡ ಕೆಡವಿದ ಮೇಲೆ ಖಾಲಿಯಾಗುವ ನೆಲ ಲೆಕ್ಕಕ್ಕಿಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ಹದಿನೈದು ಎಕರೆಯ ಒಂದು ಗಿರಣಿ. ಶೆಡ್ಡು, ಗೋದಾಮುಗಳನ್ನು ಕಳೆದರೆ ಖಾಲಿ ಇರುವುದು ಮೂರು ಎಕರೆ ಎಂದುಕೊಳ್ಳಿ. ಕಟ್ಟಡ ಕೆಡವಿ ಹೊಸದಾಗಿ ಕಟ್ಟಿದರೆ 1991ರ ಲೆಕ್ಕದಲ್ಲಿ ಪಾಲಿಕೆಗೆ ಐದು, ಮ್ಹಾಡಾಕ್ಕೆ ಐದು, ಮಾಲೀಕನಿಗೆ ಐದು. 2001ರ ಲೆಕ್ಕದಲ್ಲಿ ಪಾಲಿಕೆಗೆ ಒಂದು, ಮ್ಹಾಡಾಕ್ಕೆ ಒಂದು, ಮಾಲೀಕನಿಗೆ ಹದಿಮೂರು. ಗಿರಣಿ ಎಂದರೆ ಹೆಚ್ಚುಭಾಗ ಶೆಡ್ಡುಗಳೇ ತಾನೇ? ಮೂರರಲ್ಲೊಂದು ಎಂಬ ಮಾತು ಕಾಗದದ ಮೇಲೆ ಹಾಗೆಯೇ ಉಳಿಯಿತು. ಯಾವುದರಲ್ಲಿ ಮೂರರಲ್ಲೊಂದು ಎಂಬುದು ಮಾತ್ರ ಬದಲಾಯಿತು.

ಖಾಸಗಿ ಗಿರಣಿಗಳ ಮಾತು ಬೇರೆ, ಸರ್ಕಾರದ್ದೇ ಆದ ಎನ್‌ಟಿಸಿ ಏನು ಮಾಡಿತು? 2005ರಲ್ಲಿ ಅದು ಐದು ಗಿರಣಿಗಳನ್ನು ಮಾರಿತು: ಜ್ಯೂಪಿಟರ್, ಅಪೋಲೊ, ಎಲ್ಫಿನ್‌ಸ್ಟನ್, ಮುಂಬೈ ಟೆಕ್ಸ್‌ಟೈಲ್, ಕೊಹಿನೂರ್ ನಂಬರ್ 3. ಎಲ್ಲ ಸೇರಿ ಎರಡು ಸಾವಿರ ಕೋಟಿ ರೂಪಾಯಿ ದಾಟಿತು. ಎನ್‌ಟಿಸಿಯ ಪರವಾದ ವಾದವನ್ನೂ ಪೂರ್ತಿ ಕೇಳಬೇಕು. ನಿಗಮ ವರ್ಷಗಟ್ಟಲೆ ನಷ್ಟದಲ್ಲಿತ್ತು. ಸ್ವಯಂನಿವೃತ್ತಿ ಪಡೆದ ಕಾರ್ಮಿಕರಿಗೆ ಹಣ ಕೊಡಬೇಕಿತ್ತು, ಸಾಲ ತೀರಿಸಬೇಕಿತ್ತು, ಉಳಿಯಬಲ್ಲ ಒಂದಷ್ಟು ಗಿರಣಿಗಳಿಗೆ ಹೊಸ ಯಂತ್ರ ತರಬೇಕಿತ್ತು. ಮಾರಾಟ ಗುಟ್ಟಾಗಿ ನಡೆದದ್ದಲ್ಲ, ಟೆಂಡರ್ ಮೂಲಕ ನಡೆದದ್ದು. ಪಾಳುಬಿದ್ದ ನೆಲ ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ. ಬಾಕಿ ಸಂಬಳಕ್ಕಾಗಿ ಕಾದು ಕೂತಿದ್ದ ಕಾರ್ಮಿಕನಿಗೆ ಮೈದಾನದ ಮಾತಿಗಿಂತ ಚೆಕ್ಕು ಮುಖ್ಯ ಎನಿಸಿದರೆ ಅದನ್ನು ತಪ್ಪೆನ್ನಲಾಗದು.

ಆದರೆ ತೊಡಕು ಇಲ್ಲಿಯೇ ಇದೆ. ಪಾಲಿನ ನಿಯಮ ಸಡಿಲವಿದ್ದಷ್ಟೂ ಟೆಂಡರ್‌ನಲ್ಲಿ ಬೆಲೆ ಹೆಚ್ಚು. ಬಿಡ್ ಹಾಕುವವನು ಕೊಳ್ಳುವುದು ಬರೀ ನೆಲವನ್ನಲ್ಲ. ಅದರ ಮೇಲೆ ಎಷ್ಟು ಕಟ್ಟಬಹುದು, ಎಷ್ಟು ಬಿಟ್ಟುಕೊಡಬೇಕು ಎಂಬ ನಿಯಮವನ್ನೂ ಸೇರಿಸಿ ಬೆಲೆ ಕಟ್ಟುತ್ತಾನೆ. ನೆಲ ಕೇಂದ್ರದ್ದು, ನಿಯಮ ರಾಜ್ಯದ್ದು, ಮೈದಾನವಿಲ್ಲದೆ ಬದುಕಬೇಕಾದವರು ನಗರದವರು. ಸರ್ಕಾರವೇ ಮಾರುವವನಾದಾಗ ಹೆಚ್ಚು ಬೆಲೆ ಬಂದದ್ದೇ ಸಾರ್ವಜನಿಕ ಹಿತ ಎಂದು ತೋರುತ್ತದೆ. ಆ ಹೆಚ್ಚಿನ ಬೆಲೆಯಲ್ಲಿ ಸಾರ್ವಜನಿಕರು ಬಿಟ್ಟುಕೊಟ್ಟ ಮೈದಾನದ, ಮನೆಯ ಬೆಲೆಯೂ ಸೇರಿದೆ ಎಂಬುದು ರಸೀದಿಯಲ್ಲಿ ಕಾಣುವುದಿಲ್ಲ.

ಬಾಂಬೆ ಎನ್ವಿರಾನ್ಮೆಂಟಲ್ ಆ್ಯಕ್ಷನ್ ಗ್ರೂಪ್ 2005ರಲ್ಲೇ ಹೈಕೋರ್ಟಿಗೆ ಹೋಯಿತು. ಅದೇ ವರ್ಷ ಜುಲೈ 26ರಂದು ನಗರ ಮುಳುಗಿತು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ತೆರೆದ ನೆಲದ ಮಾತು ಪುಸ್ತಕದ ಮಾತಾಗಿ ಉಳಿದಿರಲಿಲ್ಲ. ಅಕ್ಟೋಬರ್ 17ರಂದು ಮುಖ್ಯ ನ್ಯಾಯಮೂರ್ತಿ ದಲವೀರ್ ಭಂಡಾರಿ ಮತ್ತು ನ್ಯಾಯಮೂರ್ತಿ ಧನಂಜಯ ಚಂದ್ರಚೂಡ್ ಅವರ ಪೀಠ, ಕೆಡವಿದ ಮೇಲೆ ಖಾಲಿಯಾಗುವ ನೆಲವನ್ನೂ ಪಾಲಿಗೆ ಸೇರಿಸಬೇಕೆಂದು ನಿಯಮವನ್ನು ಓದಿತು. ಎನ್‌ಟಿಸಿಯ ಮಾರಾಟಗಳನ್ನು ಒಪ್ಪಲಿಲ್ಲ. ಈ ಗೆಲುವು ಐದು ತಿಂಗಳೂ ಉಳಿಯಲಿಲ್ಲ. 2006ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ಬದಿಗೊತ್ತಿ, 2001ರ ನಿಯಮವನ್ನೂ ಮಾರಾಟಗಳನ್ನೂ ಎತ್ತಿಹಿಡಿಯಿತು. ಪರಿಸರದ ಜೊತೆಗೆ ಕಾರ್ಮಿಕರ ಬಾಕಿ, ಗಿರಣಿಗಳ ಪುನಶ್ಚೇತನ ಇವನ್ನೂ ತೂಗಬೇಕೆಂಬುದು ಅದರ ನಿಲುವು.

ಮಾರಾಟ ಅಲ್ಲಿಗೆ ನಿಲ್ಲಲಿಲ್ಲ. 2010ರಲ್ಲಿ ವರಳಿಯ ಭಾರತ್ ಮಿಲ್ 1,505 ಕೋಟಿಗೆ ಹೋಯಿತು. ಇನ್ನೊಂದೆಡೆ ದತ್ತಾ ಇಸ್ವಲಕರ್ ಮುಂದಾಳಾಗಿದ್ದ ಗಿರಣಿ ಕಾಮಗಾರ್ ಸಂಘರ್ಷ ಸಮಿತಿ ಪಟ್ಟು ಬಿಡದೆ ಒಂದೇ ಬೇಡಿಕೆ ಇಟ್ಟಿತ್ತು: ಈ ನೆಲದಲ್ಲೇ ಕಾರ್ಮಿಕನಿಗೆ ಮನೆ. ಮ್ಹಾಡಾ ಅರ್ಜಿ ಕರೆದಾಗ ಕಾರ್ಮಿಕರು ಮತ್ತು ವಾರಸುದಾರರಿಂದ ಬಂದ ಅರ್ಜಿಗಳು ಒಂದೂವರೆ ಲಕ್ಷದ ಹತ್ತಿರ. 2012ರ ಲಾಟರಿಯಲ್ಲಿ ಸಿಕ್ಕ ಮನೆಗಳು ಏಳು ಸಾವಿರದಷ್ಟು. ಮುಂದೆ ಪನವೇಲ್ ಕಡೆಯ ಮನೆಗಳನ್ನು ತೋರಿಸಲಾಯಿತು. ಪಾಲು ಕುಗ್ಗಿದ ಪರಿಣಾಮ ಇದು. ನೆಲವೇ ಇಲ್ಲದ ಮೇಲೆ ಪರೇಲ್‌ನ ಮನೆ ಎಲ್ಲಿಂದ ಬರಬೇಕು?

ಎಲ್ಲವೂ ಹೋಯಿತೆಂದೂ ಹೇಳಲಾಗದು. ದಾದರಿನ ಚೈತ್ಯಭೂಮಿಯ ಹತ್ತಿರ ಎನ್‌ಟಿಸಿಯದ್ದೇ ಆದ ಇಂದೂ ಮಿಲ್ ಇತ್ತು, ಸುಮಾರು 12 ಎಕರೆ. ಅಲ್ಲಿ ಅಂಬೇಡ್ಕರ್ ಸ್ಮಾರಕ ಆಗಬೇಕೆಂದು ಜನ ಚಳವಳಿ ಹೂಡಿದರು, ಗಿರಣಿಯೊಳಗೆ ನುಗ್ಗಿ ಕೂತರು. 2012ರಲ್ಲಿ ಕೇಂದ್ರ ಒಪ್ಪಿತು. 2015ರಲ್ಲಿ ಅಡಿಗಲ್ಲು ಬಿತ್ತು. ಅದೇ ನಿಗಮ, ಅದೇ ನಷ್ಟದ ಲೆಕ್ಕಪುಸ್ತಕ, ಅದೇ ನಗರ. ಈ ನೆಲ ತಮ್ಮದು ಎಂದು ಹೇಳುವವರು ಮಾರುವ ಮೊದಲೇ ಎದ್ದು ನಿಂತದ್ದು ಮಾತ್ರ ವ್ಯತ್ಯಾಸ.

2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆಯಲ್ಲಿ, ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಮೇಲ್ಸೇತುವೆಯ ಮೇಲೆ ಕಾಲ್ತುಳಿತವಾಗಿ 23 ಜನ ಸತ್ತರು. ಸೇತುವೆಯನ್ನು ಅಗಲ ಮಾಡದೆ ಬಿಟ್ಟದ್ದಕ್ಕೆ ಗಿರಣಿ ಮಾರಾಟವೇ ಕಾರಣವೆಂದರೆ ಅದು ಸುಲಭದ ಮಾತಾದೀತು. ಆದರೆ ಆ ನಿಲ್ದಾಣದಲ್ಲಿ ಇಳಿಯುತ್ತಿದ್ದ ಆಫೀಸಿನ ಜನರಲ್ಲಿ ಬಹಳ ಮಂದಿ ಹೋಗುತ್ತಿದ್ದದ್ದು ಗಿರಣಿಗಳ ಜಾಗದಲ್ಲಿ ಎದ್ದ ಗೋಪುರಗಳಿಗೆ. ಶೆಡ್ಡುಗಳಿದ್ದಲ್ಲಿ ಮಹಡಿಗಳು ಬಂದವು. ಅವುಗಳೊಳಗೆ ಹೋಗುವ ಜನ ನಡೆಯಲು, ನಿಲ್ಲಲು ಬೇಕಾದ ಜಾಗ ಅದರ ಜೊತೆಗೆ ಬರಲಿಲ್ಲ. ಕೊರಿಯಾ ತಂಡ 1996ರಲ್ಲಿ ಯೋಚಿಸಿದ್ದು ಇದನ್ನೇ. ನಿಲ್ದಾಣದ ಹೆಸರು ಈಗ ಪ್ರಭಾದೇವಿ.

ಮುಚ್ಚಿದ ಸರ್ಕಾರಿ ಕಾರ್ಖಾನೆಯ ನೆಲ ನಿಮ್ಮ ಊರಿನಲ್ಲೂ ಇರಬಹುದು. ಅದನ್ನು ಮಾರುವ ಸುದ್ದಿ ಬಂದಾಗ ಎಷ್ಟು ಕೋಟಿಗೆ ಎಂಬುದು ಪತ್ರಿಕೆಯ ಮೊದಲ ಪುಟದಲ್ಲಿರುತ್ತದೆ. ಆ ನೆಲದಲ್ಲಿ ಊರಿನ ಪಾಲೆಷ್ಟು, ಅದನ್ನು ಅಳೆಯುವುದು ಹೇಗೆ ಎಂಬುದು ಯಾರೂ ಓದದ ರಾಜ್ಯಪತ್ರದ ಒಂದು ತಿದ್ದುಪಡಿಯಲ್ಲಿರುತ್ತದೆ. ಮುಂಬೈಯಲ್ಲಿ ಜನ ಅದನ್ನು ಓದುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು.