ಹೆಸರು ಬಾಳೆಹಣ್ಣಿಗೆ, ತಪ್ಪು ಗೋಧಿಯದ್ದು

ರಾಗಿಹಿಟ್ಟು ಕೊಳ್ಳೋಕೆ ಪೇಟೆಯಿಂದ ಬರೋರು ಈಗ ರೇಟಿಗಿಂತ ಮೊದಲು ‘ಗ್ಲುಟೆನ್ ಇಲ್ಲ ತಾನೆ?’ ಅಂತ ಕೇಳ್ತಾರೆ. ಸುಮಾರು ಜನಕ್ಕೆ ಇದು ಫ್ಯಾಷನ್ನು. ಆದರೆ ಸೀಲಿಯಾಕ್ ಕಾಯಿಲೆ ಇರೋರಿಗೆ ಜೀವದ ಪ್ರಶ್ನೆ. ಗೋಧಿಯ ಅಂಟು ಅವರ ಸಣ್ಣ ಕರುಳಿಗೆ ಆಗಲ್ಲ. ಒಳಗೆ ಉರಿಯೂತ ಬಂದು, ತಿಂದದ್ದು ಮೈಗೆ ಹತ್ತೋದೇ ಇಲ್ಲ. ಇವತ್ತಿಗೂ ಇದಕ್ಕೆ ಪಥ್ಯವೇ ಮದ್ದು. ಈ ಪಥ್ಯ ಕಂಡುಹಿಡಿದ ಕಥೆ ರೈತರು ಓದಬೇಕಾದ್ದು.

1887ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಅನ್ನೋ ಡಾಕ್ಟರು ಈ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟರು. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ, ಬಿಳಿಚಿದ ಭೇದಿ. ವಾಸಿಯಾದ್ರೆ ಊಟದಿಂದಲೇ ಆಗಬೇಕು ಅಂತ ಸರಿಯಾಗೇ ಹೇಳಿದ್ರು. ಆದರೆ ಬೇಡ ಅಂದಿದ್ದು ಅನ್ನ, ಕೊಡಬಹುದು ಅಂದಿದ್ದು ತೆಳ್ಳಗೆ ಕೊಯ್ದು ಸುಟ್ಟ ಬ್ರೆಡ್ಡು! ಒಂದು ಮಗು ಸಮುದ್ರದ ಚಿಪ್ಪುಮೀನು ತಿಂದು ಚೆನ್ನಾಗಿ ಮೈ ತುಂಬಿಕೊಂಡಿತ್ತಂತೆ. ಸೀಸನ್ ಮುಗೀತು, ಕಾಯಿಲೆ ವಾಪಸ್ ಬಂತು.

1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ತಂದ್ರು. ಬ್ರೆಡ್ಡು, ಆಲೂಗಡ್ಡೆ, ಧಾನ್ಯ ಎಲ್ಲಾ ಬಂದ್, ಬಾಳೆಹಣ್ಣು ಧಾರಾಳ. ಮಕ್ಕಳು ಚೇತರಿಸಿಕೊಂಡ್ರು. ಬಾಳೆಹಣ್ಣಿಗೆ ಹೆಸರು ಬಂತು. ತೋಟದಲ್ಲಿ ನೀರು ನಿಂತು ಅಡಿಕೆ ಹಳದಿಗೆ ತಿರುಗಿದಾಗ ನಾವು ಬಸಿಗಾಲುವೆನೂ ತೆಗೀತೀವಿ, ಒಂದು ಬಾಟಲಿ ಟಾನಿಕ್ಕೂ ಹೊಡೀತೀವಿ. ಗರಿ ಹಸಿರಾದ್ರೆ ಅಂಗಡಿಯವನ ಬಾಯಲ್ಲಿ ಟಾನಿಕ್ಕಿನ ಮಾತೇ. ಇಲ್ಲೂ ಅದೇ ಆಯ್ತು. ವಾಸಿ ಮಾಡಿದ್ದು ಕೊಟ್ಟ ಹಣ್ಣಲ್ಲ, ನಿಲ್ಲಿಸಿದ ಬ್ರೆಡ್ಡು. ಹಾಸ್ ಇದನ್ನ ಪೂರ್ತಿ ವಾಸಿಯಾಗೋ ಕಾಯಿಲೆ ಅಂದುಕೊಂಡಿದ್ರು. ಹಂಗಾಗಿ ಗುಣವಾದ ಮಕ್ಕಳು ಮತ್ತೆ ಗೋಧಿಗೇ ಮರಳಿದ್ರು.

ಗೋಧಿ ಮೇಲೆ ಕಣ್ಣಿಟ್ಟವರು ಹಾಲೆಂಡಿನ ಹೇಗ್ ಊರಿನ ಮಕ್ಕಳ ಡಾಕ್ಟರು ವಿಲ್ಲೆಮ್ ಡಿಕೆ. ಎರಡನೇ ಮಹಾಯುದ್ಧದ ಕೊನೇ ಚಳಿಗಾಲ, 1944-45ರಲ್ಲಿ, ಹಾಲೆಂಡಿನಲ್ಲಿ ಬ್ರೆಡ್ ಸಿಗದೆ ಜನ ಟ್ಯುಲಿಪ್ ಗೆಡ್ಡೆ ತಿಂದ್ರು. ಆಗ ಈ ಮಕ್ಕಳು ಹುಷಾರಾಗಿದ್ದು ನೋಡಿ ಡಿಕೆಗೆ ಹೊಳೀತು ಅಂತ ಕಥೆ ಹೇಳ್ತಾರೆ. ಕೇಳೋಕೆ ಚೆಂದ, ಆದರೆ ಪೂರ್ತಿ ನಿಜ ಅಲ್ಲ. ಅವರು 1930ರ ದಶಕದಿಂದಲೇ ಗೋಧಿ ಬಿಡಿಸಿ ನೋಡ್ತಿದ್ರು, ಬ್ರೆಡ್ ಇಲ್ಲದ ಪಥ್ಯದ ಬಗ್ಗೆ 1941ರಲ್ಲೇ ಬರೆದಿದ್ರು. ಬರಗಾಲ ಅನುಮಾನವನ್ನ ಗಟ್ಟಿ ಮಾಡ್ತು ಅಷ್ಟೆ.

ನನಗೆ ಹಿಡಿಸಿದ್ದು ಆಮೇಲಿನ ಕೆಲಸ. ಡಿಕೆ ಜೊತೆ ವಾನ್ ಡಿ ಕಾಮರ್, ವೇಯರ್ಸ್ ಅನ್ನೋರು ಸೇರಿ, ಮಕ್ಕಳಿಗೆ ಒಂದೊಂದೇ ಧಾನ್ಯ ಕೊಟ್ಟು ಮಲದಲ್ಲಿ ಎಷ್ಟು ಕೊಬ್ಬು ಹಂಗೇ ಹೊರಗೆ ಹೋಗುತ್ತೆ ಅಂತ ಅಳೆದ್ರು. ಗೋಧಿ ಕೊಟ್ಟಾಗ ಕೊಬ್ಬು ಏರ್ತು, ಅಕ್ಕಿಗೂ ಮೆಕ್ಕೆಜೋಳಕ್ಕೂ ಏರಲಿಲ್ಲ. 1950ರಲ್ಲಿ ಇದು ಡಿಕೆಯ ಪ್ರಬಂಧವಾಯ್ತು. 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನವರು ಗೋಧಿಯ ಪಿಷ್ಟ ಬೇರೆ, ಅಂಟು ಬೇರೆ ಮಾಡಿ ಕೊಟ್ಟು ನೋಡಿದ್ರು. ತೊಂದರೆ ಇದ್ದದ್ದು ಅಂಟಲ್ಲಿ.

ಈಗ ನಮ್ಮ ವಿಷಯ. ರಾಗಿ, ಜೋಳ, ನವಣೆ, ಅಕ್ಕಿಯಲ್ಲಿ ಈ ಅಂಟಿಲ್ಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿದ್ರೆ? ನಮ್ಮ ಅಕ್ಕನ ಮಗಳಿಗೆ ಈ ಕಾಯಿಲೆ ಇದೆ. ರೊಟ್ಟಿ, ಮುದ್ದೆ ಮಾತ್ರ ತಿಂತಿದ್ರೂ ಭೇದಿ ನಿಂತಿರಲಿಲ್ಲ. ಹಿಟ್ಟು ಬರ್ತಿದ್ದದ್ದು ಎಲ್ಲಾ ಧಾನ್ಯ ಬೀಸೋ ಗಿರಣಿಯಿಂದ. ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟೂ ಇಂಥವರಿಗೆ ಸಾಕು. ಅಂಗಡಿ ಇಂಗಲ್ಲೂ ಎಷ್ಟೋ ಸಲ ಗೋಧಿಹಿಟ್ಟೋ ಮೈದಾನೋ ಬೆರೆಸಿರ್ತಾರೆ, ಡಬ್ಬಿ ಓದಿ. ಗೋಧಿಗೂ ಬೀಸೋ ಗಿರಣಿಯ ಹಿಟ್ಟನ್ನ ‘ಗ್ಲುಟೆನ್ ಇಲ್ಲ’ ಅಂತ ಚೀಟಿ ಅಂಟಿಸಿ ಮಾರಬೇಡಿ. ಕೇಳಿದವರಿಗೆ ರಾಗಿ ಕಾಳನ್ನೇ ಕೊಡಿ, ಅವರ ಮನೇಲಿ ತೊಳೆದು ಒಣಗಿಸಿ ಬೀಸಿಕೊಳ್ಳಲಿ.

ಇನ್ನೊಂದು. ಮಗುಗೆ ಈ ಕಾಯಿಲೆ ಇರಬಹುದು ಅನ್ನಿಸಿದ್ರೆ ನೀವಾಗೇ ಗೋಧಿ ಬಿಡಿಸಬೇಡಿ. ಬಿಡಿಸಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದ್ರೆ ಕಾಯಿಲೆ ಇದ್ರೂ ಕಾಣದೆ ಹೋಗಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ.