ಸಾಸಿವೆ ಡಬ್ಬಿಯ ಚಿಲ್ಲರೆ

ಮನೆಯಲ್ಲಿ ಚಿಲ್ಲರೆ ಕೂಡಿಬೀಳುವುದು ಇಂದು ನಿನ್ನೆಯ ಸಂಗತಿಯಲ್ಲ. ಸಾಸಿವೆ ಡಬ್ಬಿ, ದೇವರ ಗೂಡು, ತಿರುಪತಿಯ ಮುಡಿಪು ಕಟ್ಟಿಟ್ಟ ಹಳದಿ ಬಟ್ಟೆ, ಮಕ್ಕಳ ಮಣ್ಣಿನ ಹುಂಡಿ, ಹೀಗೆ ಒಂದೊಂದು ಮನೆಯಲ್ಲಿ ಅದಕ್ಕೆ ಒಂದೊಂದು ಎಡೆ. ಹಣದ ಚರಿತ್ರೆಯನ್ನು ಬರೆಯುವವರು ಟಂಕಸಾಲೆಯನ್ನೂ ಖಜಾನೆಯನ್ನೂ ಅರಸಿ ಹೋಗುತ್ತಾರೆ. ಈ ಡಬ್ಬಿಗಳತ್ತ ನೋಡುವವರು ಕಡಮೆ. ಆದರೆ ನಾಣ್ಯವೊಂದು ಡಬ್ಬಿಯೊಳಗೆ ನಿಂತುಬಿಡುವುದಕ್ಕೆ ಎರಡು ಕಾರಣಗಳುಂಟು, ಎರಡೂ ಪರಸ್ಪರ ವಿರುದ್ಧವಾದವು. ಅದರ ಮೇಲೆ ಒತ್ತಿದ ಬೆಲೆಗಿಂತ ಅದು ಹೆಚ್ಚು ಬಾಳುತ್ತದೆಂಬ ನಂಬಿಕೆ ಒಂದು. ಅದನ್ನು ಒಯ್ದರೆ ಏನೂ ಬಾರದೆಂಬ ಬೇಸರ ಇನ್ನೊಂದು.

ಮೊದಲನೆಯದನ್ನು ಎರಡನೆಯ ಮಹಾಯುದ್ಧ ತೋರಿಸಿಕೊಟ್ಟಿತು. ಲೋಹಕ್ಕೆ ಬರ ಬಂದೊಡನೆ ಜನ ಚಿಲ್ಲರೆಯನ್ನು ಬಿಗಿಹಿಡಿದರು. ಅಗತ್ಯಕ್ಕೆ ಮೀರಿ ನಾಣ್ಯ ಕೂಡಿಹಾಕುವುದು ಅಪರಾಧವೆಂದು 1940ರ ಜೂನಿನಲ್ಲಿ ಸರ್ಕಾರ ಸಾರಬೇಕಾಯಿತು. 1943ರಲ್ಲಿ ಕಾಲಾಣೆಯ ನಡುವೆ ತೂತು ಕೊರೆದು ತಾಮ್ರವನ್ನು ಉಳಿಸಲಾಯಿತು. ಬೂಂದಿ, ಬಿಕಾನೇರ, ನವಾನಗರಗಳಂಥ ಸಂಸ್ಥಾನಗಳು ಕಾಸಿಗೆ ಬದಲಾಗಿ ರಟ್ಟಿನ ಚೀಟಿಗಳನ್ನೇ ಅಚ್ಚು ಹಾಕಿಸಿದವು.

ಇದಕ್ಕಿಂತ ಸ್ವಾರಸ್ಯವಾದದ್ದು 1957ರ ಏಪ್ರಿಲ್ 1ರಂದು ನಡೆದ ಬದಲಾವಣೆ. ಅಲ್ಲಿಯವರೆಗೆ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಅಂದಿನಿಂದ ರೂಪಾಯಿಗೆ ನೂರು ನಯಾಪೈಸೆ. ಒಂದಾಣೆಗೆ ಆರೂಕಾಲು ನಯಾಪೈಸೆಯಾಗಬೇಕು. ಕಾಲು ಪೈಸೆಯನ್ನು ಯಾರು ಕೊಡುವವರು? ಅರ್ಧ ಅಥವಾ ಅದಕ್ಕಿಂತ ಕಡಮೆಯಾದರೆ ಬಿಡತಕ್ಕದ್ದು, ಹೆಚ್ಚಾದರೆ ಒಂದೆಂದು ಹಿಡಿಯತಕ್ಕದ್ದು ಎಂದು ಕಾನೂನು ಹೇಳಿತು. ಹೀಗಾಗಿ ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಹದಿನಾರು ಬಿಡಿ ಆಣೆಗಳನ್ನು ಕೂಡಿಟ್ಟ ಗೃಹಿಣಿ ಅವನ್ನು ಒಟ್ಟಿಗೆ ಕೊಟ್ಟರೆ ನೂರು. ಒಂದೊಂದಾಗಿ ಖರ್ಚು ಮಾಡಿದರೆ ತೊಂಬತ್ತಾರು. ಮುಕ್ಕಾಸಿನದು ಇದಕ್ಕೆ ತಿರುಗುಮುರುಗು. ಮೂರು ಪೈಗೆ ಒಂದೂವರೆಗಿಂತ ಕೊಂಚ ಹೆಚ್ಚು ಬರುವುದರಿಂದ ಅದು ಎರಡು ನಯಾಪೈಸೆಯಾಯಿತು. ಮುಕ್ಕಾಸು ಕೈಯಲ್ಲಿದ್ದವರಿಗೆ ಲಾಭವೆಂದು ತೋರೀತು. ಆದರೆ ಮುಕ್ಕಾಸಿಗೆ ಒಂದು ಕಟ್ಟು ಕರಿಬೇವು ಮಾರುತ್ತಿದ್ದವರು ಅದಕ್ಕೆ ಎರಡು ನಯಾಪೈಸೆ ಕೇಳಿದರೆ, ಬೇರೆ ಬೇರೆ ದಿನ ನಾಲ್ಕು ಕಟ್ಟು ಕೊಂಡವರು ತೆರುವುದು ಎಂಟು. ಒಂದೇ ಸಲ ಆಣೆಯ ಮಾಲು ಕೊಂಡವರು ತೆರುವುದು ಆರು. ದಿನದ ಕೂಲಿಯಲ್ಲಿ ದಿನದ ಸಾಮಾನು ತರುವವರು ಯಾವ ಸಾಲಿನಲ್ಲಿ ನಿಂತಿದ್ದರೆಂದು ಬಿಡಿಸಿ ಹೇಳಬೇಕಾಗಿಲ್ಲ. ದಶಮಾನ ಪದ್ಧತಿ ಲೆಕ್ಕವನ್ನು ಹಗುರ ಮಾಡಿತೆಂಬುದು ನಿಜ. ಆ ಹಗುರದ ಭಾರವನ್ನು ಮೊದಲು ಹೊತ್ತವರು ಇವರು ಎಂಬುದೂ ಅಷ್ಟೇ ನಿಜವೆಂದು ನನ್ನ ಎಣಿಕೆ.

1964ರಲ್ಲಿ ‘ನಯಾ’ ಎಂಬ ವಿಶೇಷಣ ಉದುರಿಹೋಯಿತು. ಕಂಚು ಹೋಗಿ ಅಲ್ಯುಮಿನಿಯಂ ಬಂತು: ಆರು ಮೂಲೆಯ ಮೂರು ಪೈಸೆ, ಚೌಕದ ಒಂದು ಪೈಸೆ. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಎನಿಸುವಷ್ಟು ಹಗುರ. ಬೆಲೆಗಳು ಏರುತ್ತ ಹೋದಂತೆ ಅವು ಎರಡನೆಯ ಕಾರಣಕ್ಕಾಗಿ ಡಬ್ಬಿ ಸೇರಿದವು. ಕೂಡಿಟ್ಟದ್ದೆಂದು ಇದನ್ನು ಕರೆಯಲಾಗದು, ಉಳಿದುಬಿಟ್ಟದ್ದು ಎನ್ನಬೇಕು.

2011ರ ಜೂನ್ 30ರಿಂದ ಇಪ್ಪತ್ತೈದು ಪೈಸೆಯೂ ಅದಕ್ಕಿಂತ ಕೆಳಗಿನವೂ ಸಲ್ಲದ ನಾಣ್ಯಗಳಾದವು. ಹಿಂದಿನ ದಿನದವರೆಗೆ ಬ್ಯಾಂಕುಗಳಲ್ಲಿ ಬದಲಾಯಿಸಿಕೊಳ್ಳಲು ಅವಕಾಶವಿತ್ತು. ಆದರೆ ಐದು ರೂಪಾಯಿಯ ಚಿಲ್ಲರೆ ಹಿಡಿದು ಬಸ್ಸಿನ ಖರ್ಚು ಮಾಡಿಕೊಂಡು ಪೇಟೆಗೆ ಹೋಗುವವರಾರು? ‘ಹದಿನಾರಾಣೆ ಸತ್ಯ’ ಎಂಬ ಮಾತು ಆಣೆ ಹೋದ ಮೇಲೂ ಬದುಕಿದೆ. ಡಬ್ಬಿಯ ನಾಣ್ಯಕ್ಕೆ ಆ ಭಾಗ್ಯವಿಲ್ಲ.

ಉಳಿದದ್ದು ಎಂಟಾಣೆ. ಅಂಗಡಿಯವರು ಒಲ್ಲೆನೆಂದರೂ 2011ರ ನಾಣ್ಯ ಕಾಯಿದೆಯಂತೆ ಐವತ್ತು ಪೈಸೆಯ ನಾಣ್ಯ ಹತ್ತು ರೂಪಾಯಿಯವರೆಗೆ ಸಲ್ಲತಕ್ಕದ್ದು. ಅಂದರೆ ಇಪ್ಪತ್ತು ನಾಣ್ಯ. ಇಪ್ಪತ್ತೊಂದನೆಯದನ್ನು ಅವರು ಬೇಡವೆನ್ನಬಹುದು. ಮೊದಲ ಇಪ್ಪತ್ತನ್ನು ಹಾಗೆನ್ನುವುದಕ್ಕೆ ಕಾನೂನಿನ ಆಸರೆಯಿಲ್ಲ.