ಎರಡು ಕಂಪ್ರೆಸರ್‌ಗಳ ಮುಂಫಲಕ: ನಾಬ್‌ಗಳ ಎಣಿಕೆ, ದಿಕ್ಕು, ಅಂಕಿ

1. ವ್ಯಾಪ್ತಿ

ಧ್ವನಿಮುದ್ರಣ ಉಪಕರಣದ ಸರಳತೆಯನ್ನು ನಾಬ್‌ಗಳ ಎಣಿಕೆಯಿಂದ ಅಳೆಯುವುದು ವಾಡಿಕೆ. ಈ ಅಳತೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಅಮೆರಿಕದ ಎರಡು ಅನಲಾಗ್ ಕಂಪ್ರೆಸರ್‌ಗಳ ಮಟ್ಟಿಗೆ ಇಲ್ಲಿ ಪರಿಶೀಲಿಸಿದೆ: ಜಿಮ್ ಲಾರೆನ್ಸ್ ರೂಪಿಸಿದ ಟೆಲಿಟ್ರೋನಿಕ್ಸ್ ಎಲ್‌ಎ-2ಎ ಮತ್ತು ಬಿಲ್ ಪಟ್ನಮ್ ರೂಪಿಸಿದ 1176. ಎರಡನೆಯದರ ವರ್ಷ 1967. ಮೊದಲನೆಯದಕ್ಕೆ 1962, 1965 ಎಂಬ ಎರಡು ವರ್ಷಗಳು ಬಳಕೆಯಲ್ಲಿರುವುದರಿಂದ ಇಲ್ಲಿ ಯಾವುದನ್ನೂ ಆಧಾರವಾಗಿ ಹಿಡಿದಿಲ್ಲ.

2. ಎಲ್‌ಎ-2ಎ

‘ಎರಡೇ ನಾಬ್’ ಎಂಬ ವರ್ಣನೆ ಭಾಗಶಃ ಸರಿ. ಗೇನ್ ಮತ್ತು ಪೀಕ್ ರಿಡಕ್ಷನ್ ಜೊತೆಗೆ ಮೀಟರ್ ಸ್ವಿಚ್, ಲಿಮಿಟ್/ಕಂಪ್ರೆಸ್ ಸ್ವಿಚ್ ಹಾಗೂ ಸ್ಕ್ರೂಡ್ರೈವರ್‌ನಿಂದ ಹೊಂದಿಸುವ ಆರ್37 ಪ್ರಿಸೆಟ್ ಕೂಡ ಇವೆ. ಅಟ್ಯಾಕ್, ರಿಲೀಸ್‌ಗಳಿಗೆ ನಾಬ್ ಇಲ್ಲ. ಆ ಕಾಲಮಾನಗಳನ್ನು ಉಪಕರಣದೊಳಗಿನ ಟಿ4 ಎಂಬ ಕೋಶದ ಬೆಳಕಿನ ಫಲಕವೂ ಬೆಳಕಿಗೆ ಸ್ಪಂದಿಸುವ ರೆಸಿಸ್ಟರ್‌ಗಳೂ ಬಹುಪಾಲು ನಿರ್ಧರಿಸುತ್ತವೆ. ಸರಾಸರಿ ಅಟ್ಯಾಕ್ ಸುಮಾರು 10 ಮಿಲಿಸೆಕೆಂಡ್; ರಿಲೀಸ್‌ನ ಮೊದಲರ್ಧ ಸುಮಾರು 60 ಮಿಲಿಸೆಕೆಂಡ್. ಉಳಿದ ಭಾಗದ ವಿಷಯದಲ್ಲಿ ಪಾಠಭೇದವಿದೆ: ಒಂದೆಡೆ ಪೂರ್ಣ ರಿಲೀಸ್‌ಗೆ 0.5ರಿಂದ 5 ಸೆಕೆಂಡ್, ಇನ್ನೊಂದೆಡೆ ಉಳಿದರ್ಧಕ್ಕೆ 1ರಿಂದ 15 ಸೆಕೆಂಡ್. ಈ ಅವಧಿ ಹಿಂದಿನ ಸಂಕೋಚನವನ್ನು ಅವಲಂಬಿಸುವುದರಿಂದ ಎರಡನ್ನೂ ಸ್ಥಿರಾಂಕವಾಗಿ ಓದುವುದು ಸರಿಯಲ್ಲ.

3. 1176

ಇದರಲ್ಲಿ ಇನ್‌ಪುಟ್, ಔಟ್‌ಪುಟ್, ಅಟ್ಯಾಕ್, ರಿಲೀಸ್ ಎಂಬ ನಾಲ್ಕು ನಾಬ್‌ಗಳೂ 4:1, 8:1, 12:1, 20:1 ಅನುಪಾತದ ಬಟನ್‌ಗಳೂ ಇವೆ. ಥ್ರೆಶೋಲ್ಡ್ ನಾಬ್ ಇಲ್ಲ. ಇನ್‌ಪುಟ್ ಹೆಚ್ಚಿಸಿದಷ್ಟೂ ಸಂಕೋಚನ ಹೆಚ್ಚುತ್ತದೆ. ಅಟ್ಯಾಕ್ 20ರಿಂದ 800 ಮೈಕ್ರೊಸೆಕೆಂಡ್, ರಿಲೀಸ್ 50ರಿಂದ 1100 ಮಿಲಿಸೆಕೆಂಡ್. ಆದರೆ ಈ ಎರಡು ನಾಬ್‌ಗಳ ಸುತ್ತ ಮುದ್ರಿಸಿರುವುದು ಕಾಲದ ಅಂಕಿಯಲ್ಲ, 1ರಿಂದ 7. ಅದರಲ್ಲಿ 7 ಅತಿ ವೇಗದ್ದು. ಮಿಲಿಸೆಕೆಂಡ್ ತೋರಿಸುವ ಎಷ್ಟೋ ಪ್ಲಗಿನ್‌ಗಳಲ್ಲಿ ನಾಬನ್ನು ಬಲಕ್ಕೆ ತಿರುಗಿಸಿದರೆ ಅಟ್ಯಾಕ್ ನಿಧಾನವಾಗುತ್ತದೆ, ಇಲ್ಲಿ ವೇಗವಾಗುತ್ತದೆ. ಅಟ್ಯಾಕ್ ನಾಬನ್ನು ಎಡತುದಿಗೆ ಒಯ್ದರೆ ಸಂಕೋಚನವೇ ನಿಲ್ಲುತ್ತದೆ.

4. ಸೀಮಿತ ನಿರ್ಣಯ

(ಅ) ಎಲ್‌ಎ-2ಎಯ ಸರಳತೆ ಆಯ್ಕೆಗಳನ್ನು ಮರೆಮಾಡಿದ್ದರಿಂದ ಬಂದಂತಿಲ್ಲ. ಕೆಲವು ಆಯ್ಕೆಗಳನ್ನು ಕೋಶದ ಭೌತಗುಣಕ್ಕೇ ಬಿಟ್ಟದ್ದರಿಂದ ಬಂದಂತಿದೆ. ಹಾಗಾಗಿ ಬೇರೆ ವಿದ್ಯುನ್ಮಂಡಲದ ಮೇಲೆ ಎರಡು ನಾಬ್ ಕೂರಿಸಿದ ಮಾತ್ರಕ್ಕೆ ಅದೇ ಫಲ ನಿರೀಕ್ಷಿಸಲಾಗದು.

(ಆ) ನಾಬ್‌ಗಳ ಸಂಖ್ಯೆ, ತಿರುಗುವ ದಿಕ್ಕು, ಮುದ್ರಿತ ಅಂಕಿ ಈ ಮೂರನ್ನೂ ಬೇರೆಬೇರೆಯಾಗಿ ಅಳೆಯುವುದು ಉಚಿತ. 1176ರ ತೊಡಕು ಬಹುಶಃ ಮೊದಲನೆಯದಕ್ಕಿಂತ ಉಳಿದೆರಡರಲ್ಲಿದೆ.

ಎರಡು ಉಪಕರಣಗಳ ಹೋಲಿಕೆಯಿಂದ ಇದಕ್ಕಿಂತ ವ್ಯಾಪಕ ನಿಯಮ ಹೊರಡದು.